ಬ್ಯಾಟರಿ ಇಲ್ಲದೆ ಕ್ಲಿಕ್ ಆಯಿತು ಅಂದ ಮಾತ್ರಕ್ಕೆ ಕ್ಯಾಮೆರಾ ಚೆನ್ನಾಗಿದೆಯೇ?

ಪ್ರಶ್ನೆ: ಫಿಲ್ಮ್ ಕ್ಯಾಮೆರಾದಲ್ಲಿ ಫೋಟೊ ತೆಗೆಯಬೇಕು ಅನ್ನುವ ಆಸೆ ತುಂಬಾ ದಿನದಿಂದ ಇದೆ. ನಮ್ಮೂರಲ್ಲಿ ಮುಚ್ಚಿಹೋದ ಸ್ಟುಡಿಯೋ ಒಂದರ ಸಾಮಾನು ಮಾರುತ್ತಿದ್ದಾರೆ. ಅದರಲ್ಲಿ ಒಂದು ಯಾಶಿಕಾ ಎಲೆಕ್ಟ್ರೊ 35 ಜಿಎಸ್‌ಎನ್ ಇದೆ. ಲೆದರ್ ಕೇಸಿನ ಒಳಗೆ ಹೊಸದರ ಹಾಗೆ ಹೊಳೆಯುತ್ತಿದೆ. ಮಾರುವವರು, "ಇದರ ಬ್ಯಾಟರಿ ಈಗ ಸಿಗೋದಿಲ್ಲ. ಆದ್ರೂ ನೋಡಿ, ಕ್ಲಿಕ್ ಆಗುತ್ತೆ" ಅಂತ ಒತ್ತಿ ತೋರಿಸಿದರು. ರೇಂಜ್‌ಫೈಂಡರ್ ಕ್ಯಾಮೆರಾ ನಾನು ಕೈಯಲ್ಲಿ ಹಿಡಿದಿದ್ದೇ ಇದು ಮೊದಲು. ಕೊಳ್ಳುವ ಮುಂಚೆ ಏನೇನು ನೋಡಬೇಕು? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಮೊದಲು ಆ ಕ್ಲಿಕ್ ವಿಷಯ ಹೇಳಿಬಿಡುತ್ತೇನೆ. ನಿಮಗೆ ಮೋಸ ಮಾಡಬೇಕು ಅಂತ ಅವರು ಹಾಗೆ ತೋರಿಸಿರಲಿಕ್ಕಿಲ್ಲ. ಆದರೆ ಈ ಕ್ಯಾಮೆರಾದ ಮಟ್ಟಿಗೆ ಆ ಕ್ಲಿಕ್‌ನಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ.

ಎಲೆಕ್ಟ್ರೊ 35 ಬಂದದ್ದು 1966ರಲ್ಲಿ. ಹೆಸರೇ ಹೇಳುವ ಹಾಗೆ ಇದರ ಷಟರ್ ವಿದ್ಯುತ್ತಿನಿಂದ ನಡೆಯುತ್ತದೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಗಲ, ನೀವು ಇಡುತ್ತೀರಿ, ಷಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಕ್ಯಾಮೆರಾ ತೀರ್ಮಾನ ಮಾಡುತ್ತದೆ. 30 ಸೆಕೆಂಡಿನಿಂದ ಹಿಡಿದು 1/500 ಸೆಕೆಂಡಿನವರೆಗೆ ಅದಕ್ಕೆ ಸ್ವಾತಂತ್ರ್ಯ ಇದೆ. ಬ್ಯಾಟರಿ ತೆಗೆದುಬಿಟ್ಟರೆ ಷಟರ್ ಸ್ಪ್ರಿಂಗಿನ ಬಲದ ಮೇಲೆ ಓಡುತ್ತದೆ, ಅದೂ 1/500ರಲ್ಲಿ ಮಾತ್ರ. ನೀವು ನೋಡಿದ ಕ್ಲಿಕ್ ಅದೇ. ಷಟರ್ ಎಲೆಗಳು ಅಂಟಿಕೊಂಡಿಲ್ಲ, ಸ್ಪ್ರಿಂಗ್ ಮುರಿದಿಲ್ಲ ಅಂತ ಅದರಿಂದ ಗೊತ್ತಾಯಿತು. ಸಮಯ ಅಳೆಯುವ ಸರ್ಕ್ಯೂಟ್ ಬದುಕಿದೆಯೋ ಸತ್ತಿದೆಯೋ ಗೊತ್ತಾಗಲಿಲ್ಲ. ಸರ್ಕ್ಯೂಟ್ ಸತ್ತ ಎಲೆಕ್ಟ್ರೊದಲ್ಲಿ ಷಟರ್ ವೇಗವನ್ನು ಕೈಯಿಂದ ಇಟ್ಟುಕೊಳ್ಳೋಣ ಅಂದರೆ ಆ ಸೌಲಭ್ಯವೇ ಇಲ್ಲ.

ಹಾಗಾಗಿ ಬ್ಯಾಟರಿ ಹಾಕದೆ ಈ ಕ್ಯಾಮೆರಾಕ್ಕೆ ದುಡ್ಡು ಕೊಡಬೇಡಿ. ಬ್ಯಾಟರಿ ಸಿಗುವುದಿಲ್ಲ ಅನ್ನುವುದು ಅರ್ಧ ಸತ್ಯ. ಇದಕ್ಕೆ ಆಗ ಹಾಕುತ್ತಿದ್ದದ್ದು 5.6 ವೋಲ್ಟಿನ ಪಾದರಸದ ಬ್ಯಾಟರಿ. ಪಾದರಸ ವಿಷ ಅನ್ನುವ ಕಾರಣಕ್ಕೆ ಅದರ ತಯಾರಿಕೆ ನಿಂತುಹೋಯಿತು. ಬದಲಿಗೆ 4ಎಲ್‌ಆರ್44 ಅನ್ನುವ 6 ವೋಲ್ಟಿನ ಪುಟ್ಟ ಬ್ಯಾಟರಿ ಸಿಗುತ್ತದೆ. ಅಷ್ಟು ಹೆಚ್ಚಿನ ವೋಲ್ಟೇಜನ್ನು ಈ ಸರ್ಕ್ಯೂಟ್ ತಡೆದುಕೊಳ್ಳುತ್ತದೆ. ಆದರೆ ಗಾತ್ರ ಹೊಂದುವುದಿಲ್ಲ. ಹೊಸ ಬ್ಯಾಟರಿ ಹಳೆಯದಕ್ಕಿಂತ ಗಿಡ್ಡ, ಸಪೂರ. ಅದಕ್ಕೆ ದಪ್ಪ ಕಾಗದ ಸುತ್ತಿ, ಹಿಂದೆ ಹಳೆಯ ಟಾರ್ಚಿನಿಂದ ತೆಗೆದ ಒಂದು ಸ್ಪ್ರಿಂಗ್ ಇಟ್ಟರೆ ಕೋಣೆಯಲ್ಲಿ ಸರಿಯಾಗಿ ಕೂರುತ್ತದೆ. ಅಡಾಪ್ಟರ್ ಕೂಡ ಸಿಗುತ್ತದೆ, ಆದರೆ ಪರೀಕ್ಷೆಗೆ ಕಾಗದ, ಸ್ಪ್ರಿಂಗ್ ಸಾಕು. 4ಎಲ್‌ಆರ್44 ಸಿಗದಿದ್ದರೆ ನಾಲ್ಕು ಎಲ್‌ಆರ್44 ಬಟನ್ ಸೆಲ್‌ಗಳನ್ನು ಒಂದರ ಮೇಲೊಂದು ಇಟ್ಟು ಕಾಗದದಲ್ಲಿ ಬಿಗಿಯಾಗಿ ಸುತ್ತಿ. ಪ್ಲಸ್ ಯಾವ ಕಡೆ ಅನ್ನುವುದನ್ನು ಕೋಣೆಯ ಗುರುತು ನೋಡಿ ಹಾಕಿ.

ಆ ಕೋಣೆಯ ಮುಚ್ಚಳ ತೆಗೆಯುವುದೇ ಮೊದಲ ಪರೀಕ್ಷೆ. ಕ್ಯಾಮೆರಾದ ತಳದಲ್ಲಿ ನಾಣ್ಯದಿಂದ ತಿರುಗಿಸುವ ಮುಚ್ಚಳ ಇದೆ. ತಿರುಗದಿದ್ದರೆ ಜೋರು ಮಾಡಬೇಡಿ. ಒಳಗೆ ಹಳೆಯ ಬ್ಯಾಟರಿ ಸೋರಿ ಗಟ್ಟಿಯಾಗಿದೆ ಅಂತ ಅರ್ಥ. ತೆಗೆದಾಗ ಒಳಗೆ ಹಸಿರು ಅಥವಾ ಬಿಳಿ ಪುಡಿ ಸ್ವಲ್ಪ ಕಂಡರೆ ಗಾಬರಿ ಬೇಡ. ಬಟ್ಟೆಯ ತುದಿಗೆ ಒಂದೆರಡು ಹನಿ ವಿನೆಗರ್ ಹಾಕಿ ಒರೆಸಿದರೆ ಹೋಗುತ್ತದೆ. ಆದರೆ ಲೋಹವೇ ತಿಂದುಹೋಗಿ ಗುಳಿ ಬಿದ್ದಿದ್ದರೆ ಆ ಕೊಳೆ ತಂತಿಯ ಒಳಗೂ ಹತ್ತಿರುತ್ತದೆ. ಆಗ ಆ ತಂತಿಯನ್ನು ಹೊಸದಾಗಿ ಬೆಸೆಯಬೇಕಾಗುತ್ತದೆ.

ಬ್ಯಾಟರಿ ಹಾಕಿದ ಮೇಲೆ ಹಿಂಬದಿಯ ಚೆಕ್ ಗುಂಡಿ ಒತ್ತಿ. ಫ್ರೇಮ್ ಎಣಿಸುವ ಕಿಟಕಿಯ ಬಳಿ ಹಸಿರು ಬೆಳಕು ಬರಬೇಕು. ಷಟರ್ ಗುಂಡಿ ಒತ್ತಲಿಕ್ಕೇ ಬರುತ್ತಿಲ್ಲ ಅಂದರೆ ಅದರ ಸುತ್ತಲಿನ ಉಂಗುರ ಲಾಕ್ ಕಡೆಗೆ ತಿರುಗಿದೆಯೇ ನೋಡಿ. ಲಾಕ್ ಆಗಿದ್ದ ಒಳ್ಳೆಯ ಕ್ಯಾಮೆರಾವನ್ನು ಕೆಟ್ಟಿದೆ ಅಂತ ವಾಪಸ್ ಇಟ್ಟು ಬಂದವರನ್ನು ನಾನು ನೋಡಿದ್ದೇನೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಲೆಕ್ಟ್ರೊ ಕೊಳ್ಳುವಾಗ ಕಣ್ಣಿಗಿಂತ ಕಿವಿಗೆ ಜಾಸ್ತಿ ಕೆಲಸ.

ಫಿಲ್ಮ್ ಮುಂದಕ್ಕೆ ಎಳೆಯುವ ಲಿವರ್ ಇದೆಯಲ್ಲ, ಅದನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಎಳೆಯಿರಿ. ಗದ್ದಲ ಇಲ್ಲದ ಜಾಗ ಹುಡುಕಿಕೊಳ್ಳಿ. ಗಿಯರುಗಳ ಕರಕರ ಸದ್ದಿನ ನಡುವೆ ಕ್ಯಾಮೆರಾದ ಹೊಟ್ಟೆಯೊಳಗಿಂದ 'ಟಕ್' ಅಂತ ಒಂದು ಗಟ್ಟಿ ಸದ್ದು ಬರಬೇಕು. ಬಾಗಿಲ ಚಿಲಕ ಕೂತ ಹಾಗೆ ಇರುತ್ತದೆ ಅದು. ಬೆರಳಿಗೂ ಸಣ್ಣಗೆ ತಾಗುತ್ತದೆ. ಆ ಟಕ್ ಇಲ್ಲದ ಎಲೆಕ್ಟ್ರೊ ಹೊರಗೆ ಎಷ್ಟೇ ಹೊಳೆಯಲಿ, ರಿಪೇರಿ ಆಗದೆ ಅದರಿಂದ ನಂಬುವಂಥ ಫೋಟೊ ಬರುವುದಿಲ್ಲ.

ಕಾರಣ ತುಂಬಾ ಚಿಕ್ಕದು. ಷಟರ್ ಗುಂಡಿಯ ಕೆಳಗೆ ಒಂದು ಕಡ್ಡಿ ಇದೆ. ಗುಂಡಿ ಒತ್ತಿದಾಗ ಅದು ಇಳಿಯುತ್ತದೆ. ಲಿವರ್ ಎಳೆದಾಗ ಬಿಡುಗಡೆಯಾಗಿ ತನ್ನ ಜಾಗಕ್ಕೆ ವಾಪಸ್ ಬಂದು ಒಂದು ಪುಟ್ಟ ರಬ್ಬರ್ ತುಂಡಿಗೆ ತಾಗಿ ನಿಲ್ಲುತ್ತದೆ. ಆ ತುಂಡು ಸಣ್ಣ ಬೆರಳಿನ ಉಗುರಿನಷ್ಟೂ ಇಲ್ಲ. ಐವತ್ತು ವರ್ಷದಲ್ಲಿ ರಬ್ಬರ್ ಕರಗಿ ಜಿಗುಟಾಗುತ್ತದೆ, ಇಲ್ಲವೇ ಪುಡಿಯಾಗಿ ಉದುರುತ್ತದೆ. ಕಡ್ಡಿ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಸರ್ಕ್ಯೂಟಿಗೆ ಕರೆಂಟ್ ಕೊಡುವ ಸ್ವಿಚ್ಚುಗಳು ಈ ಚಲನೆಯನ್ನೇ ನಂಬಿಕೊಂಡಿವೆ. ಕಡ್ಡಿ ತಪ್ಪಿದರೆ ಅವೂ ತಪ್ಪುತ್ತವೆ. ಪ್ರಪಂಚದ ಎಲೆಕ್ಟ್ರೊ ಪ್ರಿಯರೆಲ್ಲ ಈ ತುಂಡಿಗೆ 'ಸಾವಿನ ಪ್ಯಾಡ್' ಅಂತ ಹೆಸರಿಟ್ಟಿದ್ದಾರೆ. ಪ್ಯಾಡ್ ಹೋದ ಕ್ಯಾಮೆರಾದಲ್ಲಿ ಗುಂಡಿ ಮುಟ್ಟದೆಯೇ ದೀಪ ಹೊತ್ತಿಕೊಂಡಿರುವುದು, ಹಳದಿ, ಕೆಂಪು ಎರಡೂ ಒಟ್ಟಿಗೆ ಬರುವುದು, ಷಟರ್ ತೆರೆದು ಹಾಗೇ ನಿಲ್ಲುವುದು, ಇಂಥ ವಿಚಿತ್ರಗಳು ಶುರುವಾಗುತ್ತವೆ. ಬಂದ ಫೋಟೊಗಳು ಬೆಳ್ಳಗೆ ಸುಟ್ಟುಹೋದ ಹಾಗಿರುತ್ತವೆ.

ಇದನ್ನು ನಾನು ಕಲಿತದ್ದು ಒಂದು ರೋಲ್ ಕಳೆದುಕೊಂಡು. ಊರಿನ ಒಂದು ಜಾತ್ರೆಗೆ ಎಲೆಕ್ಟ್ರೊ ತೆಗೆದುಕೊಂಡು ಹೋಗಿದ್ದೆ. ಆಗಿನ್ನೂ ಅದನ್ನು ಕೊಂಡು ಒಂದು ವಾರ. ದೀಪಗಳು ಹೊತ್ತುತ್ತಿದ್ದವು, ಕ್ಲಿಕ್ ಆಗುತ್ತಿತ್ತು. ತೇರು ಎಳೆಯುವಾಗ ಅಜ್ಜ ಒಬ್ಬರು ಹಗ್ಗ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ಅಂಥದ್ದೊಂದು ಮುಖ ಮತ್ತೆ ನನಗೆ ಸಿಕ್ಕಿಲ್ಲ. ಡೆವಲಪ್ ಆಗಿ ಬಂದ ನೆಗೆಟಿವ್‌ನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಫ್ರೇಮುಗಳು ದಟ್ಟ ಕಪ್ಪು. ಆಮೇಲೆ ಲಿವರ್ ಎಳೆದು ಕೇಳಿದರೆ ಟಕ್ ಇರಲಿಲ್ಲ.

ಪ್ಯಾಡ್ ಬದಲಿಸಲಿಕ್ಕೆ ಆಗುತ್ತದೆ. ಸಾಮಾನಿನ ಖರ್ಚು ಏನೂ ಇಲ್ಲ. ಆದರೆ ಕ್ಯಾಮೆರಾ ಬಿಚ್ಚಬೇಕು. ಹಳೆಯ ಯಾಶಿಕಾ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಈಗ ಎಲ್ಲ ಊರಿನಲ್ಲೂ ಇಲ್ಲ. ಅದಕ್ಕೇ ಟಕ್ ಇಲ್ಲದಿದ್ದರೆ ನಾನು ಎರಡೇ ದಾರಿ ಹೇಳುತ್ತೇನೆ. ಬಿಟ್ಟುಬಿಡಿ, ಇಲ್ಲವೇ ಮೊದಲು ಮೆಕ್ಯಾನಿಕ್ ಹತ್ತಿರ ರೇಟು ಕೇಳಿಕೊಂಡು ಬಂದು ಅಷ್ಟನ್ನು ಬೆಲೆಯಲ್ಲಿ ಕಳೆಯಿರಿ.

ಟಕ್ ಕೇಳಿತು ಅಂತ ಇಟ್ಟುಕೊಳ್ಳೋಣ. ಈಗ ಸರ್ಕ್ಯೂಟ್. ಸೆಲೆಕ್ಟರ್ ಆಟೊದಲ್ಲಿ ಇರಲಿ. ಎಎಸ್‌ಎ, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, 400ಕ್ಕೆ ಇಡಿ. ಲಿವರ್ ಎಳೆದು, ಗುಂಡಿಯನ್ನು ಅರ್ಧ ಒತ್ತಿ. ಮೇಲ್ಗಡೆ ಎರಡು ದೀಪ ಇವೆ. ಷಟರ್ 1/30ಕ್ಕಿಂತ ನಿಧಾನ ಆಗುತ್ತದೆ ಅಂದರೆ ಹಳದಿ, ಕೈ ಅಲ್ಲಾಡೀತು ಅನ್ನುವ ಎಚ್ಚರಿಕೆ. 1/500 ಕೂಡ ಸಾಲದಷ್ಟು ಬೆಳಕಿದ್ದರೆ ಕೆಂಪು. ಎರಡೂ ಇಲ್ಲದಿದ್ದರೆ ಎಲ್ಲ ಸರಿ. ವ್ಯೂಫೈಂಡರ್ ಒಳಗೂ ಇದೇ ಬಣ್ಣದ ಬಾಣಗಳು ಅಪರ್ಚರ್ ಯಾವ ಕಡೆ ತಿರುಗಿಸಬೇಕು ಅಂತ ತೋರಿಸುತ್ತವೆ.

ಈ ಕ್ಯಾಮೆರಾ ಯಾವ ವೇಗದಲ್ಲಿ ತೆಗೆಯುತ್ತಿದೆ ಅಂತ ಎಲ್ಲೂ ಅಂಕಿ ತೋರಿಸುವುದಿಲ್ಲ. ಆದರೆ ಆ ಎರಡು ದೀಪಗಳು ಹೊತ್ತುವ ಗಡಿ ಗೊತ್ತಿದೆಯಲ್ಲ, ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಮಧ್ಯಾಹ್ನದ ನೇರ ಬಿಸಿಲಿನಲ್ಲಿರುವ ರಸ್ತೆಗೋ ಹುಲ್ಲಿಗೋ ಕ್ಯಾಮೆರಾ ಹಿಡಿಯಿರಿ. 400 ಎಎಸ್‌ಎಗೆ ಅಪರ್ಚರ್ ಎಫ್16 ಇದ್ದರೆ ಬೇಕಾಗುವ ವೇಗ ಹೆಚ್ಚುಕಡಿಮೆ 1/400. ಅಂದರೆ ಕೆಂಪು ದೀಪ ಬರಬಾರದು. ರಿಂಗನ್ನು 11ರ ಕಡೆಗೆ ತಿರುಗಿಸಿ. ಈಗ ಬೇಕಾದ್ದು 1/800, ಅದು ಇದರ ಕೈಲಿ ಆಗದು, ಕೆಂಪು ಬರಬೇಕು. ಎಂಟಕ್ಕೆ ಬಂದರೂ ಕೆಂಪು ಬರದಿದ್ದರೆ ಬೆಳಕು ಅಳೆಯುವ ಮೀಟರ್ ಕುರುಡಾಗುತ್ತಿದೆ. ಆಮೇಲೆ ಒಳಗೆ ಬನ್ನಿ. ಫೋನಿನಲ್ಲಿ ಯಾವುದಾದರೂ ಲೈಟ್ ಮೀಟರ್ ಆ್ಯಪ್ ಹಾಕಿಕೊಂಡು, 400 ಎಎಸ್‌ಎ, ಎಫ್4ಕ್ಕೆ ಸರಿಯಾಗಿ 1/30 ತೋರಿಸುವ ಒಂದು ಗೋಡೆ ಹುಡುಕಿ. ಅದೇ ಗೋಡೆಗೆ ಕ್ಯಾಮೆರಾ ಹಿಡಿದು ರಿಂಗನ್ನು 2.8ರಿಂದ 5.6ರ ಕಡೆಗೆ ಸರಿಸುತ್ತಾ ಹೋದರೆ ನಾಲ್ಕರ ಆಸುಪಾಸಿನಲ್ಲಿ ಹಳದಿ ಹೊತ್ತಬೇಕು. ಅರ್ಧ ಸ್ಟಾಪ್ (ರಿಂಗಿನ ಎರಡು ಅಂಕಿಗಳ ನಡುವಿನ ಅರ್ಧ ದೂರ) ಆಚೆ ಈಚೆ ಆದರೆ ಚಿಂತೆ ಇಲ್ಲ, ನೆಗೆಟಿವ್ ಫಿಲ್ಮ್ ಅಷ್ಟನ್ನು ಸಹಿಸಿಕೊಳ್ಳುತ್ತದೆ.

ದೀಪ ಸರಿ ಇದ್ದ ಮಾತ್ರಕ್ಕೆ ಷಟರ್ ಸರಿ ಅಂತಲ್ಲ. ಅದಕ್ಕೆ ಇನ್ನೊಂದು ನೋಡಿ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಅಪರ್ಚರ್ 16ಕ್ಕೆ ಇಟ್ಟು, ಮುಂಭಾಗದಲ್ಲಿ ವ್ಯೂಫೈಂಡರ್ ಪಕ್ಕ ಇರುವ ಬೆಳಕಿನ ಕಣ್ಣನ್ನು ಬೆರಳಿನಿಂದ ಪೂರ್ತಿ ಮುಚ್ಚಿ. ಗುಂಡಿ ಒತ್ತಿ, ಬಿಡದೆ ಹಿಡಿದುಕೊಳ್ಳಿ. ಷಟರ್ ತೆರೆದುಕೊಂಡು ನಿಲ್ಲುತ್ತದೆ. ಐದಾರು ಎಣಿಸಿ. ಈಗ ಬೆರಳು ತೆಗೆದು ಕ್ಯಾಮೆರಾವನ್ನು ಕಿಟಕಿಯ ಕಡೆ ತಿರುಗಿಸಿ. ತಕ್ಷಣ 'ಚಕ್' ಅಂತ ಮುಚ್ಚಿಕೊಳ್ಳಬೇಕು. ಷಟರ್ ತೆರೆದಿರುವಾಗಲೂ ಈ ಕ್ಯಾಮೆರಾ ಬೆಳಕನ್ನು ಅಳೆಯುತ್ತಲೇ ಇರುತ್ತದೆ. ಸಾಕು ಅನಿಸಿದ ಕ್ಷಣ ಮುಚ್ಚುತ್ತದೆ. ಹೀಗೆ ಐದು ಸಲ ಮಾಡಿ ಐದೂ ಸಲ ಸರಿಯಾಗಿ ಮುಚ್ಚಿದರೆ ಸರ್ಕ್ಯೂಟ್, ಮೀಟರ್, ಷಟರ್ ಮೂರೂ ಒಬ್ಬರ ಮಾತು ಒಬ್ಬರು ಕೇಳುತ್ತಿವೆ ಅಂತ ಅರ್ಥ. ಬೆರಳು ಮುಚ್ಚಿದಾಗಲೂ ಬಿಟ್ಟಾಗಲೂ ಒಂದೇ ಥರ ಪಟ್ ಅಂತ ಮುಚ್ಚಿದರೆ ಅದು ಬರೀ 1/500ರಲ್ಲಿ ಓಡುತ್ತಿದೆ.

ಸೆಲ್ಫ್ ಟೈಮರ್ ಲಿವರ್ ಮಾತ್ರ ಮುಟ್ಟಬೇಡಿ. ಹಳೆಯ ಎಣ್ಣೆ ಗಟ್ಟಿಯಾಗಿ ಅದು ಅರ್ಧಕ್ಕೆ ನಿಂತರೆ ಷಟರ್ ಕೂಡ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ರೇಂಜ್‌ಫೈಂಡರ್. ನಮಗೆ ಎರಡು ಕಣ್ಣು ಇರುವ ಹಾಗೆ ಇದಕ್ಕೂ ಮುಂದೆ ಎರಡು ಕಿಟಕಿ. ಎರಡರಿಂದ ಬಂದ ಚಿತ್ರ ನಡುವಿನ ಹಳದಿ ವಜ್ರದಾಕಾರದ ಚುಕ್ಕೆಯಲ್ಲಿ ಒಂದರ ಮೇಲೊಂದು ಬೀಳುತ್ತದೆ. ಫೋಕಸ್ ರಿಂಗ್ ತಿರುಗಿಸಿ ಎರಡನ್ನೂ ಒಂದು ಮಾಡಿದರೆ ಫೋಕಸ್ ಆಯಿತು. ಒಳಗಿನ ಕನ್ನಡಿ ಒಂದು ಕೂದಲಿನಷ್ಟು ಸರಿದರೂ ಲೆಕ್ಕ ತಪ್ಪುತ್ತದೆ. ರಿಂಗನ್ನು ಅನಂತಕ್ಕೆ, ಅಂದರೆ ಮಲಗಿದ ಎಂಟರ ಗುರುತಿಗೆ ಇಟ್ಟು ಅರ್ಧ ಕಿಲೋಮೀಟರಿಗೂ ದೂರದ ಮೊಬೈಲ್ ಟವರ್ ನೋಡಿ. ಟವರ್ ಒಂದೇ ಕಾಣಬೇಕು. ಎರಡು ಕಂಡರೆ ಅಡ್ಡಡ್ಡ ಸರಿದಿದೆಯೋ, ಮೇಲೆ ಕೆಳಗೆ ಸರಿದಿದೆಯೋ ಗಮನಿಸಿ. ಅಡ್ಡ ಸರಿದದ್ದು ಫೋಕಸ್ ಕೆಡಿಸುತ್ತದೆ. ಮೇಲೆ ಕೆಳಗೆ ಸರಿದದ್ದು ಕಣ್ಣಿಗೆ ಕಿರಿಕಿರಿ, ಫೋಟೊಕ್ಕೆ ಅಷ್ಟು ತೊಂದರೆ ಇಲ್ಲ. ಎರಡನ್ನೂ ಸರಿ ಮಾಡಬಹುದು, ಆದರೆ ಮೇಲಿನ ತಟ್ಟೆ ಬಿಚ್ಚಬೇಕು.

ಹತ್ತಿರದ್ದೂ ನೋಡಲೇಬೇಕು. ಟೇಪ್ ಹಿಡಿದು ಫಿಲ್ಮ್ ಇರುವ ಜಾಗದಿಂದ, ಅಂದರೆ ಕ್ಯಾಮೆರಾದ ಬೆನ್ನಿನಿಂದ, ಒಂದು ಮೀಟರ್ ದೂರದಲ್ಲಿ ಒಂದು ಪುಸ್ತಕ ನಿಲ್ಲಿಸಿ. ಪುಸ್ತಕದ ಅಂಚನ್ನು ಚುಕ್ಕೆಯಲ್ಲಿ ಒಂದು ಮಾಡಿ ರಿಂಗ್ ನೋಡಿದರೆ ಒಂದು ಮೀಟರ್ ಅಂತಲೇ ಇರಬೇಕು. ಇದರ ಲೆನ್ಸ್ 45 ಎಂಎಂ, ಎಫ್1.7. ಪೂರ್ತಿ ತೆರೆದು 80 ಸೆಂಟಿಮೀಟರಿನಲ್ಲಿ ಒಂದು ಮುಖ ತೆಗೆದರೆ ಚೂಪಾಗಿ ಬರುವ ಆಳ ಮೂರು ಸೆಂಟಿಮೀಟರ್ ಅಷ್ಟೇ. ಕಣ್ಣಿಗೆ ಫೋಕಸ್ ಇಟ್ಟರೆ ಕಿವಿ ಮಸುಕು. ಈ ಕ್ಯಾಮೆರಾವನ್ನು ಜನ ಹುಡುಕಿಕೊಂಡು ಹೋಗುವುದೇ ಆ ಲೆನ್ಸಿಗಾಗಿ. ರೇಂಜ್‌ಫೈಂಡರ್ ಸುಳ್ಳು ಹೇಳಿದರೆ ಆ ಲೆನ್ಸ್ ಇದ್ದೂ ಇಲ್ಲದ ಹಾಗೆ, ಅಲ್ವಾ?

ಹಳದಿ ಚುಕ್ಕೆ ಮಂಕಾಗಿರುವುದು ಸಾಮಾನ್ಯ. ಬರೀ ಧೂಳು, ಮಬ್ಬು ಆಗಿದ್ದರೆ ಒರೆಸಿದರೆ ಸರಿಹೋಗುತ್ತದೆ. ಕನ್ನಡಿಯ ಲೇಪವೇ ಹೋಗಿದ್ದರೆ ಕಷ್ಟ. ಮನೆಯೊಳಗಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎರಡು ಚಿತ್ರ ಬೇರೆ ಬೇರೆ ಕಾಣುತ್ತವೆಯೇ ನೋಡಿ. ಕಂಡರೆ ಸಾಕು. ಫೋಕಸ್ ತಿರುಗಿಸಿದಾಗ ವ್ಯೂಫೈಂಡರಿನ ಹೊಳೆಯುವ ಚೌಕಟ್ಟು ಕೂಡ ಸ್ವಲ್ಪ ಸರಿಯಬೇಕು. ಲೆನ್ಸ್ ಒಂದು ಕಡೆ, ನೀವು ನೋಡುವ ಕಿಟಕಿ ಇನ್ನೊಂದು ಕಡೆ ಇರುವುದರಿಂದ ಆ ಹೊಂದಾಣಿಕೆ ಬೇಕು.

ಲೆನ್ಸ್ ವಿಷಯದಲ್ಲಿ ನಿಮ್ಮ ಊರಿನವರು ಹೆಚ್ಚು ಎಚ್ಚರ ವಹಿಸಬೇಕು. ಮಲೆನಾಡು, ಕರಾವಳಿಯ ತೇವಕ್ಕೆ ಉಪ್ಪಿನಕಾಯಿ ಭರಣಿಯ ಬಾಯಿಗೇ ಬೂಷ್ಟು ಬರುತ್ತದೆ, ಇನ್ನು ಲೆನ್ಸ್ ಯಾವ ಲೆಕ್ಕ. ಅದರಲ್ಲೂ ಲೆದರ್ ಕೇಸ್! ನೋಡಲು ಚಂದ, ಆದರೆ ಚರ್ಮ ತೇವ ಹೀರಿಕೊಂಡು ವರ್ಷಗಟ್ಟಲೆ ಕ್ಯಾಮೆರಾವನ್ನು ಅದರಲ್ಲೇ ನೆನೆಸಿಡುತ್ತದೆ. ಕೇಸ್ ತೆರೆದ ಕೂಡಲೇ ಮೂಗಿನ ಹತ್ತಿರ ಹಿಡಿಯಿರಿ. ಮಳೆಗಾಲದ ಕಪಾಟಿನ ವಾಸನೆ ಬಂದರೆ ಒಳಗೆ ಫಂಗಸ್ ಇರಬಹುದು ಅಂತಲೇ ಹುಡುಕಿ.

ಹುಡುಕುವುದು ಹೀಗೆ. ಹಿಂಬದಿಯ ಬಾಗಿಲು ತೆರೆಯಿರಿ. ಸೆಲೆಕ್ಟರನ್ನು ಬಿ ಕಡೆ, ಅಂದರೆ ಗುಂಡಿ ಒತ್ತಿದಷ್ಟು ಹೊತ್ತೂ ಷಟರ್ ತೆರೆದಿರುವ ಜಾಗಕ್ಕೆ ಇಟ್ಟು, ಅಪರ್ಚರ್ 1.7ಕ್ಕೆ ತೆರೆದು, ಗುಂಡಿ ಒತ್ತಿ ಹಿಡಿಯಿರಿ. ಜೊತೆಗಿರುವವರಿಗೆ ಫೋನಿನ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿಯಲು ಹೇಳಿ, ನೀವು ಮುಂದಿನಿಂದ ನೋಡಿ. ನಾಲ್ಕಾರು ಧೂಳಿನ ಕಣ ಎಲ್ಲ ಹಳೆಯ ಲೆನ್ಸಿನಲ್ಲೂ ಇರುತ್ತವೆ, ಬಿಟ್ಟುಬಿಡಿ. ಜೇಡರ ಬಲೆಯಂಥ ಎಳೆಗಳು ಅಂಚಿನಿಂದ ನಡುವಿಗೆ ಹಬ್ಬಿದ್ದರೆ ಅದು ಫಂಗಸ್. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಫೋಟೊದಲ್ಲಿ ಕಾಣುವುದಿಲ್ಲ. ಬಿಚ್ಚಿ ಒರೆಸಿದರೆ ಹೋಗುತ್ತದೆ. ನಡುವೆ ಹರಡಿದ್ದರೆ ಬೇಡ. ಫಂಗಸ್ ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಎಳೆ ಒರೆಸಿದರೂ ಗುರುತು ಉಳಿಯುತ್ತದೆ. ಎಳೆ ಇಲ್ಲದೆ ಇಡೀ ಗಾಜು ಉಸಿರು ಬಿಟ್ಟ ಕನ್ನಡಿಯಂತೆ ಮಬ್ಬಾಗಿದ್ದರೆ ಅದು ಒಳಗಿನ ಎಣ್ಣೆಯ ಆವಿ ಕೂತದ್ದು, ಸಾಮಾನ್ಯವಾಗಿ ಒರೆಸಿದರೆ ಹೋಗುತ್ತದೆ.

ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡಿಬಿಡಿ. ಫಿಲ್ಮ್ ಕೂರುವ ಹಳಿಗಳ ಮೇಲೆ ಒಂದು ತುಂಡು ಟ್ರೇಸಿಂಗ್ ಪೇಪರ್ ಬಿಗಿಯಾಗಿ ಹಿಡಿದು, ಬಿ ಒತ್ತಿ, ಕಿಟಕಿಯ ಸರಳಿನ ಕಡೆಗೆ ಕ್ಯಾಮೆರಾ ತಿರುಗಿಸಿ. ಪೇಪರಿನ ಮೇಲೆ ಕಿಟಕಿ ತಲೆಕೆಳಗಾಗಿ ಮೂಡುತ್ತದೆ. ರೇಂಜ್‌ಫೈಂಡರಿನಲ್ಲಿ ಸರಳು ಒಂದಾದಾಗ ಪೇಪರಿನ ಮೇಲೂ ಅದು ಚೂಪಾಗಿರಬೇಕು. ಲೆನ್ಸು ಮತ್ತು ರೇಂಜ್‌ಫೈಂಡರಿನ ನಡುವೆ ಒಪ್ಪಂದ ಇದೆಯೋ ಇಲ್ಲವೋ ಅಂತ ರೋಲ್ ಹಾಕದೆ ತಿಳಿಯುವ ದಾರಿ ಇದೊಂದೇ. ಮಾರುವವರು ಕುತೂಹಲದಿಂದ ಬಗ್ಗಿ ನೋಡಿದರೆ ಅವರಿಗೂ ತೋರಿಸಿ, ಅಷ್ಟು ಚಂದ ಇರುತ್ತದೆ ಆ ಪುಟ್ಟ ಕಿಟಕಿ.

ಬಾಗಿಲಿನ ಅಂಚಿನ ಕಪ್ಪು ಸ್ಪಂಜು ಟಾರಿನಂತೆ ಬೆರಳಿಗೆ ಅಂಟಿದರೆ ಅದು ದೋಷವೇ ಅಲ್ಲ ಅಂದುಕೊಳ್ಳಿ. ಈ ವಯಸ್ಸಿನ ಎಲ್ಲ ಕ್ಯಾಮೆರಾದ್ದೂ ಅದೇ ಕಥೆ. ಹಳೆಯದನ್ನು ಕೆರೆದು ತೆಗೆದು ಕಾಲುವೆಯಲ್ಲಿ ಕಪ್ಪು ಉಲ್ಲನ್ ನೂಲು ಕೂರಿಸಿದರೂ ಬೆಳಕು ಒಳಗೆ ನುಗ್ಗುವುದಿಲ್ಲ. ಬಾಡಿಯ ಮೇಲಿನ ಗೀರು, ಕಿತ್ತ ಲೆದರೆಟ್ (ಕೃತಕ ಚರ್ಮದ ಹೊದಿಕೆ) ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಫಿಲ್ಟರ್ ಕೂರುವ ಮುಂದಿನ ರಿಂಗ್ ಜಜ್ಜಿದ್ದರೆ ಮಾತ್ರ ಕ್ಯಾಮೆರಾ ಬಿದ್ದಿದೆ ಅಂತ ತಿಳಿದು ರೇಂಜ್‌ಫೈಂಡರನ್ನು ಎರಡನೇ ಸಲ ನೋಡಿ. ಸ್ಟುಡಿಯೋದಲ್ಲಿ ದಿನಾ ದುಡಿದು ಹಿತ್ತಾಳೆ ಕಾಣುವ ಕ್ಯಾಮೆರಾ, ಕೇಸಿನಲ್ಲಿ ನಲವತ್ತು ವರ್ಷ ಮಲಗಿದ ಹೊಳಪಿನ ಕ್ಯಾಮೆರಾಕ್ಕಿಂತ ಎಷ್ಟೋ ಸಲ ವಾಸಿ. ಓಡುತ್ತಿದ್ದ ಯಂತ್ರದಲ್ಲಿ ಎಣ್ಣೆ ಬೇಗ ಗಟ್ಟಿಯಾಗುವುದಿಲ್ಲ.

ಬ್ಯಾಟರಿ ಹಾಕಿ ನೋಡಲು ಅವರು ಒಪ್ಪದಿದ್ದರೆ ಏನು ಮಾಡುವುದು ಅಂತ ನೀವು ಕೇಳಬಹುದು. ಆಗ ಕಪಾಟಿನಲ್ಲಿ ಇಡುವ ಅಲಂಕಾರದ ಬೆಲೆ ಕೊಡಿ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಡ. ಬ್ಯಾಟರಿಯ ಗೊಡವೆಯೇ ಬೇಡ ಅನಿಸಿದರೆ ಕ್ಯಾನನ್‌ನ ಕ್ಯಾನೊನೆಟ್ ಕ್ಯೂಎಲ್17 ಜಿ-3 ಹುಡುಕಿ. ಅದು 1972ರದ್ದು, ಮೀಟರ್ ಸತ್ತರೂ ಎಲ್ಲ ವೇಗಗಳೂ ಕೈಯಿಂದ ನಡೆಯುತ್ತವೆ. ರಷ್ಯಾದ ಜೋರ್ಕಿ-4 ಸಿಕ್ಕರೆ ಷಟರಿನ ಬಟ್ಟೆಯನ್ನು ಬೆಳಕಿಗೆ ಹಿಡಿದು ಸೂಜಿ ತೂತು ಇದೆಯೇ ನೋಡಿ. ಅದರಲ್ಲಿ ಫಿಲ್ಮ್ ಮುಂದಕ್ಕೆ ಸುತ್ತಿದ ನಂತರವೇ ವೇಗ ಬದಲಿಸಬೇಕು, ಮೊದಲೇ ತಿರುಗಿಸಿದರೆ ಒಳಗೆ ಮುರಿಯಬಹುದು. ಅಗ್ಗಕ್ಕೆ ಸಿಗುವ ಬಂಗಾರ ಬಣ್ಣದ ಹಳೆಯ 'ಲೈಕಾ' ಕಂಡರೆ ದೂರ ಇರಿ, ಅವುಗಳಲ್ಲಿ ಬಹುಪಾಲು ಈ ರಷ್ಯನ್ ಕ್ಯಾಮೆರಾಗಳಿಗೇ ಹೆಸರು ಕೆತ್ತಿದವು.

ನಿಮ್ಮ ಜಿಎಸ್‌ಎನ್ ಇಷ್ಟರಲ್ಲಿ ಪಾಸಾದರೆ ಕೊಳ್ಳಿ. ಕೊಂಡ ಮೇಲೆ ಮದುವೆಗೋ ಪ್ರವಾಸಕ್ಕೋ ನೇರ ಒಯ್ಯಬೇಡಿ. ಮೊದಲ ರೋಲ್ ಪೂರ್ತಿ ಪರೀಕ್ಷೆಗೆ ಇಡಿ. ರೋಲು, ಡೆವಲಪಿಂಗ್, ಸ್ಕ್ಯಾನಿಂಗ್ ಸೇರಿ ಸಾವಿರ ರೂಪಾಯಿ ದಾಟುತ್ತದೆ, ಅದನ್ನು ಕ್ಯಾಮೆರಾದ ಬೆಲೆಯಲ್ಲೇ ಸೇರಿಸಿಕೊಂಡು ಲೆಕ್ಕ ಹಾಕಿ. ಬಿಸಿಲಿನಲ್ಲಿ ಆರು, ನೆರಳಿನಲ್ಲಿ ಆರು, ಟ್ಯೂಬ್‌ಲೈಟಿನ ಕೆಳಗೆ ಆರು. ಒಂದೇ ಮುಖವನ್ನು ಎಫ್1.7, 4, 11ರಲ್ಲಿ. ಯಾವ ಫ್ರೇಮು ಯಾವುದು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ನೆಗೆಟಿವ್ ಬಂದಾಗ ಸ್ಕ್ಯಾನ್ ಮಾತ್ರ ನೋಡಬೇಡಿ, ಲ್ಯಾಬಿನವರ ಸ್ಕ್ಯಾನರ್ ಎಷ್ಟೋ ತಪ್ಪನ್ನು ಮುಚ್ಚಿಬಿಡುತ್ತದೆ. ನೆಗೆಟಿವ್ ಪಟ್ಟಿಯನ್ನೇ ಬೆಳಕಿಗೆ ಹಿಡಿದು, ಎಲ್ಲ ಫ್ರೇಮುಗಳ ದಟ್ಟತೆ ಒಂದೇ ಥರ ಇದೆಯೇ ನೋಡಿ.

ಆ ಲೆದರ್ ಕೇಸನ್ನು ನೆನಪಿಗೆ ಇಟ್ಟುಕೊಳ್ಳಿ, ಆದರೆ ಕ್ಯಾಮೆರಾವನ್ನು ಅದರಲ್ಲಿ ಇಡಬೇಡಿ. ಗಾಳಿಯಾಡದ ಒಂದು ಪ್ಲಾಸ್ಟಿಕ್ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್ ಪೊಟ್ಟಣ ಸಾಕು. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕ್ಯಾಮೆರಾ ಹೊರಗೆ ತೆಗೆದು, ಲಿವರ್ ಎಳೆದು ಹತ್ತು ಸಲ ಕ್ಲಿಕ್ ಮಾಡಿ. ಪ್ರತಿ ಸಲವೂ ಆ ಟಕ್ ಕೇಳಿಸಿಕೊಳ್ಳಿ.